ತೊಂಬತ್ತಾರರ ಭರಣಿ

(ಕಂತು ಏಳು)

ಗಾಜಿನ ಕಡ್ಡಿ ಮುಳುಗಿತು.

ತೇಲಬೇಕಾಗಿದ್ದ ಕಡ್ಡಿ. ತುದಿಯಲ್ಲಿದ್ದ ಸೊನ್ನೆಯ ಗೆರೆಯನ್ನೂ ಒಳಗೆಳೆದುಕೊಂಡು, ಜಾಡಿಯ ತಳಕ್ಕೆ ಟಕ್ಕೆಂದು ಬಡಿದು, ಕಂದು ರಸದೊಳಗೆ ನಿಂತುಬಿಟ್ಟಿತು.

ತರೀಕೆರೆ ಠಾಣೆಯ ಮೇಜಿನ ಸುತ್ತ ನಿಂತಿದ್ದ ಮೂವರೂ ಬಗ್ಗಿ ನೋಡಿದರು.

"ಸತ್ತೋಯ್ತಾ?" ಎಂದ ಕಾನ್‌ಸ್ಟೇಬಲ್ ಸಣ್ಣಬೀರಪ್ಪ.

"ಲೇ, ಅದು ಗಾಜು ಕಣೋ. ಸತ್ತಿದ್ದು ಈ ರಸ ಕುಡಿದೋನು" ಎಂದರು ಸಬ್‌ಇನ್‌ಸ್ಪೆಕ್ಟರ್ ಮುದ್ದಪ್ಪ.

ಕುಡಿದವನು ಅಜ್ಜಂಪುರದ ಈರುಳ್ಳಿ ವ್ಯಾಪಾರಿ ಈರಭದ್ರಪ್ಪ. ಸಂಜೆ ಎರಡು ಲೋಟ ದ್ರಾಕ್ಷಾಸವ ಕುಡಿದ, ಬೆಳಗಾಗುವಷ್ಟರಲ್ಲಿ ಕಣ್ಣು ಕಾಣದಾಯಿತು, ಮರುದಿನ ಜೀವ ಹೋಯಿತು. ಅದಾಗಿ ಹನ್ನೊಂದು ದಿನ. ಆಸವ ಕೊಟ್ಟ ಮುದುಕ, ಅದೇ ಊರಿನ ಪಂಡಿತ ತೀರ್ಥಪ್ಪ, ಮೂರು ದಿನದಿಂದ ಗೋಡೆಯಾಚೆ ಲಾಕಪ್ಪಿನಲ್ಲಿದ್ದರು. ನಾಳೆ ಹತ್ತು ಗಂಟೆಗೆ ಅವರನ್ನು ಜೈಲಿಗೆ ಸಾಗಿಸುವುದೆಂದು ಆಗಿತ್ತು.

ಕಡೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಹೇಳುವ ಪಂಕಜಾಕ್ಷಿ ಅದನ್ನು ತಪ್ಪಿಸಲೆಂದೇ ರಜೆ ಹಾಕಿ ಬಂದಿದ್ದಳು. ಹದಿಮೂರರ ವಯಸ್ಸಿನಲ್ಲಿ ಟೈಫಾಯ್ಡಿನಲ್ಲಿ ಬಿದ್ದಿದ್ದ ಅವಳನ್ನು ಎತ್ತಿ ಕೂರಿಸಿದ್ದು ಆ ಮುದುಕನ ಕೈ.

ಅವಳು ಕಡ್ಡಿಯನ್ನು ಎತ್ತಿ, ಬಟ್ಟೆಯಲ್ಲಿ ಒರೆಸಿ, ಎರಡನೆಯ ಜಾಡಿಗೆ ಇಳಿಸಿದಳು. ಇದು ಪಂಡಿತರ ಮನೆಯ ಭರಣಿಯಿಂದ ಬೆಳಿಗ್ಗೆ ತಾನೇ ತುಂಬಿಸಿ ತಂದ ಆಸವ. ಆ ಭರಣಿಯ ಬಾಯಿಗೆ ಸಾವಿನ ದಿನವೇ ಪೊಲೀಸರು ಅರಗಿನ ಮುದ್ರೆ ಒತ್ತಿದ್ದರು. ಇವತ್ತು ಮುದ್ರೆ ಒಡೆದವನೂ ಸಣ್ಣಬೀರಪ್ಪನೇ.

ಕಡ್ಡಿ ಕುಣಿಯಿತು, ಕಿಣಿಕಿಣಿ ಎಂದು ಗಾಜಿಗೆ ತಾಕಿತು. ಆಮೇಲೆ ಗಾಜಿನ ಅರಮನೆಯಲ್ಲಿ ಒಬ್ಬಳೇ ಉಳಿದ ರಾಜಕುಮಾರಿಯ ಹಾಗೆ ನೆಟ್ಟಗೆ ನಿಂತಿತು.

"ಓದಿ ಸಾರ್."

ಮುದ್ದಪ್ಪ ಕನ್ನಡಕವನ್ನು ಹಣೆಗೇರಿಸಿ ಓದಿದರು. "ಮೂವತ್ತು."

"ಎರಡೂ ಒಂದೇ ಭರಣಿ ರಸ. ಭರಣಿಯದರಲ್ಲಿ ಮೂವತ್ತು, ಈರಭದ್ರಪ್ಪನ ಬಾಟ್ಲಿಯದರಲ್ಲಿ ಸೊನ್ನೆಗಿಂತ ಕೆಳಗೆ."

"ಬಿಸಿಲು ಟೀಚರಮ್ಮ. ಬಿಸಿಯಾದ್ರೆ ರಸ ತೆಳ್ಳಗಾಗುತ್ತೆ, ಕಡ್ಡಿ ಸುಳ್ಳು ಹೇಳುತ್ತೆ ಅಂತ ಮೊನ್ನೆ ನೀವೇ ಅಂದ್ರಿ."

"ಅದಕ್ಕೇ ಎರಡೂ ಬಾಟ್ಲೀನ ಎರಡು ಗಂಟೆಯಿಂದ ಒಂದೇ ಕೊಡದ ನೀರಲ್ಲಿ ಇಟ್ಟಿದ್ದೆ. ಇಬ್ಬರಿಗೂ ಒಂದೇ ಜ್ವರ. ಈಗ ಹೇಳೋ ವ್ಯತ್ಯಾಸ ನಿಜ."

ಮುದ್ದಪ್ಪ ಕುರ್ಚಿಗೆ ಒರಗಿದರು. ಒಪ್ಪಿಕೊಳ್ಳುವ ಮೊದಲು ಅವರು ಒಂದು ಚಿಟಿಕೆ ನಶ್ಯ ಏರಿಸುವುದು ರೂಢಿ. ಡಬ್ಬಿ ತೆಗೆದರು, ಏರಿಸಲಿಲ್ಲ.

"ಮಕ್ಕಳಿಗೆ ಹೇಳೋ ಹಂಗೆ ಹೇಳಿ. ನಾನು ಲೆಕ್ಕದಲ್ಲಿ ಮೂರು ಸಲ ಡುಮ್ಕಿ."

"ಇದು ಹಾಲಿನ ಕಡ್ಡಿ, ಲ್ಯಾಕ್ಟೋಮೀಟರು. ಬರೀ ನೀರಿಗೆ ಸೊನ್ನೆ ತೋರಿಸುತ್ತೆ. ನೀರಿಗೆ ಬೆಲ್ಲ ಹಾಕಿದ್ರೆ ಭಾರ ಆಗುತ್ತೆ, ಕಡ್ಡಿ ಮೇಲೆ ಎದ್ದು ಹೆಚ್ಚಿನ ಅಂಕ ತೋರಿಸುತ್ತೆ. ಪಂಡಿತರು ದ್ರಾಕ್ಷಿ, ಬೆಲ್ಲ, ಹುಳಿ ಬರಿಸೋ ಧಾತಕಿ ಹೂವು ಹಾಕಿ ಭರಣಿ ಕಟ್ಟಿದ ದಿನ ತೊಂಬತ್ತಾರು. ತಿಂಗಳು ಕಳೆದು ಬಾಯಿ ಬಿಚ್ಚಿದಾಗ ಮೂವತ್ತು. ಅರವತ್ತಾರು ಅಂಕದ ಸಿಹಿ ಎಲ್ಲಿ ಹೋಯ್ತು?"

"ಇರುವೆ ತಿಂದ್ವು" ಎಂದ ಸಣ್ಣಬೀರಪ್ಪ.

"ಹುಳಿತು ಮದ್ಯಸಾರ ಆಯ್ತು. ಸುಮಾರು ಎಂಟು ಅಂಕ ಇಳಿದ್ರೆ ನೂರಕ್ಕೆ ಒಂದು ಪಾಲು ಮದ್ಯಸಾರ. ಅರವತ್ತಾರು ಇಳಿದ್ರೆ ಎಂಟು ಪಾಲು, ಬಹಳ ಅಂದ್ರೆ ಒಂಬತ್ತು. ಔಷಧಿಗೆ ಅಷ್ಟೇ ಬೇಕು. ಈ ಬಾಟ್ಲಿ ಬಗ್ಗೆ ಬೆಂಗಳೂರಿನ ಲ್ಯಾಬು ಕಳಿಸಿದ ವರದೀಲಿ ಎಷ್ಟಿದೆ ಸಾರ್?"

"ಇಪ್ಪತ್ತೊಂದು. ಮೇಜು ಕುರ್ಚಿಗೆ ಹಚ್ಚೋ ಪಾಲಿಶ್ ಸ್ಪಿರಿಟ್ಟು ಬೆರೆತಿದೆ ಅಂತ ಬರೆದವ್ರೆ."

"ಎಂಟು ಭರಣೀಲಿ ಹುಟ್ಟಿದ್ದು. ಹದಿಮೂರು ಹೊರಗಿಂದ ಬಂದಿದ್ದು. ಅದೂ ಭರಣಿಗಲ್ಲ, ಈ ಒಂದು ಬಾಟ್ಲಿಗೆ. ಪಂಡಿತರು ಸರಕು ಹೆಚ್ಚಿಸೋಕೆ ಸ್ಪಿರಿಟ್ಟು ಬೆರೆಸಿದ್ರು ಅಂತ ತಾನೆ ನಿಮ್ಮ ಕೇಸು? ಬೆರೆಸೋನು ಭರಣಿಗೆ ಬೆರೆಸ್ತಾನೆ. ಒಂದು ಬಾಟ್ಲಿಗೆ ಬೆರೆಸೋನಿಗೆ ವ್ಯಾಪಾರ ಬೇಕಿಲ್ಲ, ಹೆಣ ಬೇಕು."

ಮುದ್ದಪ್ಪ ಒಂದು ಗಳಿಗೆ ಆ ಬಾಟಲಿಯನ್ನೇ ನೋಡಿದರು. ಅದರ ಕೊರಳಿಗೆ ಒಂದು ಬಿಳಿಯ ದಾರ ಸುತ್ತಿತ್ತು. ಆಮೇಲೆ ಡ್ರಾಯರಿನಿಂದ ಉದ್ದನೆಯ ನೋಟುಬುಕ್ಕನ್ನು ತೆಗೆದು ಮೇಜಿನ ಮೇಲೆ ಎಸೆದರು.

"ಹಂಗಾದ್ರೆ ಇದಕ್ಕೇನಂತೀರಿ?"

ಅದು ಪಂಡಿತರ ಸೊಸೆ ಮಲ್ಲಿಕಾಂಬ ಇಟ್ಟಿದ್ದ ಪುಸ್ತಕ. ಎರಡು ವರ್ಷದಿಂದ ಪ್ರತಿ ಭರಣಿಗೂ ಒಂದು ಪುಟ. ಕಟ್ಟಿದ ದಿನದ ಅಂಕ, ಬಿಚ್ಚಿದ ದಿನದ ಅಂಕ. ಈ ಭರಣಿಯ ಪುಟದಲ್ಲಿ ಹೀಗಿತ್ತು: ಕಟ್ಟಿದಾಗ ಕಡ್ಡಿ ೯೬. ಬಿಚ್ಚಿದಾಗ ಕಡ್ಡಿ ೪. ಸ್ಪಿರಿಟ್ಟು ಬೆರೆತರೆ ಕಡ್ಡಿ ಮುಳುಗುತ್ತದೆ. ನಾಲ್ಕು ಎಂದರೆ ಭರಣಿಯೇ ಕೆಟ್ಟಿತ್ತು. ಪಂಡಿತರನ್ನು ಹಿಡಿದದ್ದು ಈ ಒಂದು ಪುಟದ ಮೇಲೆ. ಇದು ನನ್ನ ಪುಟವಲ್ಲ ಎಂದು ಮಲ್ಲಿಕಾಂಬ ಅತ್ತಿದ್ದಳು. ಸೊಸೆ ಮಾವನ ಪರ ಅಳದೆ ಇರುತ್ತಾಳೆಯೇ ಎಂದು ಮುದ್ದಪ್ಪ ಕಿವಿಗೆ ಹಾಕಿಕೊಂಡಿರಲಿಲ್ಲ.

"ಸಾರ್, ಈ ಕಡ್ಡೀಲಿ ತೊಂಬತ್ತಾರು ಎಲ್ಲಿದೆ ತೋರಿಸಿ."

ಮುದ್ದಪ್ಪ ಕಡ್ಡಿಯನ್ನು ಬೆಳಕಿಗೆ ಹಿಡಿದರು. ತಿರುಗಿಸಿದರು. ಕನ್ನಡಕ ಇಳಿಸಿದರು.

"ನಲವತ್ತಕ್ಕೇ ಮುಗೀತಲ್ರೀ."

"ಹಾಲಿಗೆ ಅಷ್ಟು ಸಾಕು. ಹಸೀ ಆಸವಕ್ಕೆ ಸಾಲದು, ಕಡ್ಡಿ ಆಕಾಶಕ್ಕೆ ಎದ್ದುಬಿಡುತ್ತೆ. ಅದಕ್ಕೆ ಮಲ್ಲಿಕಾಂಬ ಒಂದು ದಾರಿ ಕಂಡ್ಕೊಂಡಿದ್ಲು. ಒಂದು ಸೌಟು ಆಸವ, ಎರಡು ಸೌಟು ನೀರು. ಕಡ್ಡಿ ಎಷ್ಟು ತೋರಿಸುತ್ತೋ ಅದರ ಮೂರರಷ್ಟು. ಬೇರೆ ಪುಟ ತಿರುವಿ."

ತಿರುವಿದರು. ಕಡ್ಡಿ ೩೧, ಮೂರು ಪಾಲು. ಕಡ್ಡಿ ೩೩, ಮೂರು ಪಾಲು. ಕಡ್ಡಿ ೩೨, ಮೂರು ಪಾಲು. ಎಲ್ಲ ಪುಟಗಳಲ್ಲೂ ಹಾಗೆಯೇ.

"ಕಡ್ಡಿ ತೊಂಬತ್ತಾರು ಅಂತ ಈ ಪುಟ ಬರೆದೋರು ಕಡ್ಡೀನೇ ನೋಡಿಲ್ಲ" ಎಂದಳು ಪಂಕಜಾಕ್ಷಿ. "ಸೀಮೆಸುಣ್ಣದಲ್ಲಿ ಭರಣಿ ಕೊರಳ ಮೇಲೆ ತೊಂಬತ್ತಾರು ಅಂತ ಬರೆದಿದಾರಲ್ಲ, ಅದನ್ನ ನೋಡಿ ಹಂಗೇ ಇಳಿಸವ್ರೆ. ಮಲ್ಲಿಕಾಂಬ ಬರೆದಿದ್ದ ಪುಟ ಹರಿದು ಈ ಪುಟ ಸೇರಿಸಿದೋನು ಭರಣಿ ಕೋಣೆ ಹೊಕ್ಕವನು, ಅಡಿಗೆಮನೆ ಹಿತ್ತಿಲಲ್ಲಿ ಅಳತೆ ನಡೆಯೋದನ್ನ ಕಾಣದವನು. ಅವನೇ ವಿಷ ಬೆರೆಸಿದೋನು."

ಆಗ ನಶ್ಯ ಏರಿತು. ಮುದ್ದಪ್ಪ ದೊಡ್ಡದಾಗಿ ಸೀನಿದರು.

"ಪಂಡಿತರ ಮಗ ಚನ್ನಬಸಪ್ಪ?"

"ಈಗಲೇ ನೋಡಿಬಿಡೋಣ."

ಮಗ ಸೊಸೆ ಇಬ್ಬರೂ ಠಾಣೆಯ ಜಗಲಿಯಲ್ಲಿ ಕೂತಿದ್ದರು. ಚನ್ನಬಸಪ್ಪನಿಗೆ ಬೀರೂರು ಸ್ಟೇಷನ್ನಿನ ಎದುರು ಕಾಫಿ ಹೋಟೆಲು. ಮೂವತ್ತೈದರ ಆಳು, ಇಸ್ತ್ರಿ ಷರಟು, ಕಂಕುಳಲ್ಲಿ ಚರ್ಮದ ಚೀಲ. ಅಪ್ಪನ ಬೇರುನಾರು ಅವನಿಗೆ ನಾಚಿಕೆಯ ವಿಷಯ ಎಂಬುದು ಊರಿಗೆಲ್ಲ ಗೊತ್ತಿತ್ತು. ಮಲ್ಲಿಕಾಂಬ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತುತ್ತಿದ್ದಳು.

ಪಂಕಜಾಕ್ಷಿ ಏನೂ ಹೇಳದೆ ಜಾಡಿಯನ್ನು ಅವನ ಮುಂದೆ ಇಟ್ಟಳು. "ಇದೆಷ್ಟು ತೋರಿಸ್ತಿದೆ ಸ್ವಲ್ಪ ಹೇಳಿ. ನನ್ನ ಕಣ್ಣಿಗೆ ಸರಿಯಾಗಿ ಕಾಣ್ತಿಲ್ಲ."

ಅವನು ಮೇಲಿನಿಂದ ಬಗ್ಗಿ ನೋಡಲಿಲ್ಲ. ಮೊಣಕಾಲು ಮಡಿಸಿ, ಕಣ್ಣನ್ನು ರಸದ ಮಟ್ಟಕ್ಕೆ ತಂದು, ಒಂದೇ ನೋಟಕ್ಕೆ ಹೇಳಿದ.

"ಮೂವತ್ತು. ಕಪ್ಪು ರಸಕ್ಕೆ ಮೇಲಂಚು ನೋಡ್ಬೇಕು ಕಣ್ರೀ, ಕೆಳಗಿಂದು ಕಾಣಲ್ಲ. ದಿನಾ ಬೆಳಗ್ಗೆ ಐದು ಜನ ಹಾಲಿನೋರ ಹತ್ರ ಜಗಳ ಆಡೋದೇ ಈ ಕಡ್ಡಿ ಹಿಡ್ಕೊಂಡು. ಇವಳಿಗೆ ಇದನ್ನ ತಂದುಕೊಟ್ಟಿದ್ದೂ ನಾನೇ."

ಹೆಂಡತಿಯ ಕಡೆ ನೋಡದೆಯೇ ಗಲ್ಲದಿಂದ ತೋರಿಸಿದ.

"ತೊಂಬತ್ತಾರು ತೋರಿಸುತ್ತಾ ಇದು?"

"ತೊಂಬತ್ತಾರಾ? ಹಾಲಲ್ಲ, ಕಲ್ಲು ಕರಗಿಸಬೇಕು!"

ಅವನು ನಕ್ಕ. ಠಾಣೆಯ ಜಗಲಿಯಲ್ಲಿ ನಗಬಾರದೆಂದು ಆಮೇಲೆ ನೆನಪಾದವನಂತೆ ನಿಲ್ಲಿಸಿದ.

ಪಂಕಜಾಕ್ಷಿಯ ಎದೆಯ ಮೇಲಿನ ಕಲ್ಲು ಇಳಿಯಿತು. ಕಡ್ಡಿಯನ್ನು ಇಷ್ಟು ಬಲ್ಲವನು ಆ ಪುಟದಲ್ಲಿ ಅಂಥ ತಪ್ಪು ಮಾಡಲಾರ. ಮಲ್ಲಿಕಾಂಬಳಂತೂ ಮಾಡುವುದೇ ಇಲ್ಲ. ಮನೆಯ ಇಬ್ಬರೂ ಅಲ್ಲ ಎಂದಾಯಿತು. ಕೊಂದವನು ಹೊರಗಿನವನು.

ಒಳಗೆ ಬಂದು ಅಷ್ಟನ್ನೂ ಹೇಳಿದಳು. ಮುದ್ದಪ್ಪ ಹೊಸ ಕಾಗದ ಎಳೆದುಕೊಂಡು ಬರೆಯತೊಡಗಿದರು.

"ಮುದುಕರನ್ನ ಮಗನ ಕೈಗೆ ಒಪ್ಪಿಸ್ತೀನಿ. ಮನೇಲೇ ಇರ್ಲಿ, ಕರೆದಾಗ ಬರ್ಲಿ. ಹೋಗಿ, ನೀವೇ ಹೇಳಿ ಬನ್ನಿ. ಇಷ್ಟು ದಿನಕ್ಕೆ ಈ ಠಾಣೇಲಿ ಒಂದು ಒಳ್ಳೆ ಸುದ್ದಿ ಹೇಳೋ ಯೋಗ ನಿಮ್ಮದು."

ತೀರ್ಥಪ್ಪನವರು ಲಾಕಪ್ಪಿನ ನೆಲದಲ್ಲಿ ಗೋಡೆಗೊರಗಿ ಕೂತಿದ್ದರು. ಹಣೆಯ ವಿಭೂತಿ ಬೆವರಿಗೆ ಅರ್ಧ ಅಳಿಸಿತ್ತು. ಎಪ್ಪತ್ತು ದಾಟಿದ ಮೈ, ಆದರೆ ಕಣ್ಣು ಹದ್ದಿನದು. ಅವರ ಕೈಯ ಮದ್ದು ತಿಂದು ಬದುಕಿದವರೇ ಈಗ ಸಾರಾಯಿ ಪಂಡಿತ ಎನ್ನುತ್ತಿದ್ದರು. ಮಠದಿಂದ ಪ್ರತಿ ಸೋಮವಾರ ಬರುತ್ತಿದ್ದ ಕರೆಯೂ ನಿಂತಿತ್ತು.

"ಮನೆಗೆ ಹೊರಡಿ ಪಂಡಿತರೇ. ಬಿಡ್ತಾರೆ."

ಮುದುಕರು ತಲೆಯೆತ್ತಿದರು. ಮುಖದಲ್ಲಿ ಗೆಲುವು ಬರಲಿಲ್ಲ.

"ಯಾರು ಹೇಳಿದ್ದು?"

"ಇದು." ಪಂಕಜಾಕ್ಷಿ ಸರಳುಗಳ ನಡುವೆ ಕಡ್ಡಿಯನ್ನು ಚಾಚಿದಳು. ಮಗುವಿಗೆ ಆಟದ ಸಾಮಾನು ಕೊಡುವ ಸಂತೋಷವಿತ್ತು ಅವಳಿಗೆ. "ನಿಮ್ಮ ಸೊಸೆಯ ಕಡ್ಡಿ. ಇದೇ ನಿಮ್ಮನ್ನ ಬಿಡಿಸಿದ್ದು."

ಅವರು ತೆಗೆದುಕೊಂಡರು. ಗುಂಡಗಿನ ಬುಡವನ್ನು ಮೇಲೆ ಮಾಡಿ ಹಿಡಿದರು.

"ಇದೇನಾ ಅದು? ಇಷ್ಟು ಸಣ್ಣದಾ? ಹಾಲು ಕದಿಯೋರನ್ನ ಹಿಡಿಯೋ ಕಡ್ಡಿ ನನ್ನ ಮದ್ದಿನ ಹತ್ರ ಸುಳೀಬಾರ್ದು ಅಂತ ಹೇಳಿದ್ದೆ ಅವಳಿಗೆ. ನನಗೆ ನಾಲಗೆ ಇದೆ, ಮೂಗಿದೆ. ಅವಳು ಹಿತ್ತಿಲಲ್ಲಿ ಅಳೆದು ಅಲ್ಲಿಂದಲೇ ಕೂಗೋಳು, ನಾನು ಭರಣಿ ಮೇಲೆ ಬರೆಯೋನು." ಗಾಜನ್ನು ಕಿಟಕಿಯ ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿದರು. "ತೊಂಬತ್ತಾರು ಎಲ್ಲಿ ಬರುತ್ತೆ ಇದ್ರಲ್ಲಿ?"

ಪಂಕಜಾಕ್ಷಿಯ ಕೈ ಸರಳಿನ ಮೇಲೆ ಹಾಗೆಯೇ ನಿಂತಿತು.

ಹೊರಗೆ ಮುದ್ದಪ್ಪನವರ ಲೇಖನಿ ಕಿರಗುಟ್ಟುತ್ತಿತ್ತು.

"ಪಂಡಿತರೇ" ಎಂದಳು, ತನ್ನ ದನಿಯೇ ತನಗೆ ದೂರದಿಂದ ಕೇಳಿದಂತೆ. "ಆ ಪುಟ ಬರೆದಿದ್ದು ನೀವು."

ಮುದುಕರು ಕಡ್ಡಿಯನ್ನು ಇಳಿಸಿದರು. ಬಹಳ ಎಚ್ಚರಿಕೆಯಿಂದ ಅವಳ ಕೈಗೆ ಹಿಂದಿರುಗಿಸಿದರು.

"ಮೆತ್ತಗೆ ಮಾತಾಡು."

"ನಿಮ್ಮ ಮೇಲೆ ನೀವೇ ಕೇಸು ಕಟ್ಟಿಕೊಂಡ್ರಾ? ಯಾಕೆ?"

"ನಿಂಗ್ಯಾಕೆ ಬೇಕಿತ್ತು ಇದೆಲ್ಲ? ಕಡೂರಲ್ಲಿ ಪಾಠ ಹೇಳ್ಕೊಂಡು ಇರೋದು ಬಿಟ್ಟು."

"ನೀವು ಸ್ಪಿರಿಟ್ಟು ಬೆರೆಸಲಿಲ್ಲ."

"ಇಲ್ಲ."

"ಮತ್ತೆ?"

ಅವರು ಬಾಗಿಲ ಕಡೆ ನೋಡಿ ಸರಳಿನ ಹತ್ತಿರಕ್ಕೆ ಜರುಗಿದರು. ಉಸಿರಿನಲ್ಲಿ ಹಸಿವಿನ ವಾಸನೆ.

"ಈರಭದ್ರಪ್ಪ ಅವತ್ತು ಅಚಾನಕ್ ಬಂದ. ಹೊಟ್ಟೆ ಉಬ್ಬರ, ಆಸವ ಬೇಕು ಅಂತ ಕೂತ. ತುಂಬಿಸಿಟ್ಟ ಬಾಟ್ಲಿ ಎಲ್ಲಾ ಖರ್ಚಾಗಿತ್ತು. ಭರಣಿ ಬಿಚ್ಚೋಕೆ ಹೊತ್ತಲ್ಲ. ನನ್ನ ದೇವರ ಗೂಡಲ್ಲಿ ಒಂದಿತ್ತು, ತೆಗೆದುಕೊಟ್ಟೆ."

"ನಿಮ್ಮ ಗೂಡಲ್ಲಿ?"

"ಊಟ ಆದ್ಮೇಲೆ ನಾನು ಒಂದು ಲೋಟ ತಗೋತೀನಿ, ಇಪ್ಪತ್ತು ವರ್ಷದಿಂದ. ನನ್ನ ಬಾಟ್ಲಿ ಬೇರೆ. ಗುರುತಿಗೆ ಕೊರಳಿಗೆ ಬಿಳೀ ದಾರ."

ಮೇಜಿನ ಮೇಲಿನ ಬಾಟಲಿ ಪಂಕಜಾಕ್ಷಿಯ ಕಣ್ಣ ಮುಂದೆ ಬಂತು. ಬೆಳಗಿನಿಂದ ಅದನ್ನು ಹತ್ತು ಸಲ ಕೈಯಲ್ಲಿ ಹಿಡಿದಿದ್ದಳು. ಸಕ್ಕರೆ ಎಷ್ಟು, ಸಾರ ಎಷ್ಟು ಎಂದು ಅಳೆದಿದ್ದಳು. ಯಾರ ಬಾಟಲಿ ಎಂದು ಕೇಳಿರಲಿಲ್ಲ.

"ಅದು ಅವನಿಗೆ ಇಟ್ಟಿದ್ದಲ್ಲ ಮಗಳೇ. ನನಗೆ ಇಟ್ಟಿದ್ದು. ಅವನು ಸತ್ತ ಅಂತ ಸುದ್ದಿ ಬಂದಾಗ ಹೋಗಿ ಬಿರಡೆ ಮೂಸಿ ನೋಡ್ದೆ. ಗೂಡಲ್ಲೇ ಬಿದ್ದಿತ್ತು, ಆತುರದಲ್ಲಿ ಮೂಸ್ದೆ ನಾನು ಹೊಸ ಬಿರಡೆ ಹಾಕಿ ಕೊಟ್ಟಿದ್ನಲ್ಲ. ಹೋಟೆಲಿನ ಹೊಸ ಬೆಂಚಿನ ಪಾಲಿಶ್ ವಾಸನೆ. ನನ್ನ ಮೂಗು ಇನ್ನೂ ಸತ್ತಿಲ್ಲ."

"ಚನ್ನಬಸಪ್ಪ."

"ಸ್ಪಿರಿಟ್ಟು ಅವನ ಹೋಟೆಲಿಂದು. ಮಿಕ್ಕ ಡಬ್ಬ ತಿಂಗಳಿಂದ ನಮ್ಮ ಹಿತ್ತಿಲಲ್ಲೇ ಬಿದ್ದಿದೆ. ಬಾಟ್ಲಿ ತುಂಬಿಸೋಳು ಸೊಸೆ. ಇಬ್ಬರಲ್ಲಿ ಒಬ್ಬರು. ಮೂರನೆಯೋರು ಆ ಗೂಡಿಗೆ ಕೈ ಹಾಕಲ್ಲ." ಅವರು ಸರಳಿಗೆ ಹಣೆ ಒತ್ತಿದರು. "ಮಗ ಅಂದ್ಕೊಂಡ್ರೆ, ಅವನಿಗೆ ಕಜ್ಜಿಯಾದಾಗ ಮೂರು ತಿಂಗಳು ಬೇವಿನೆಣ್ಣೆ ಹಚ್ಚಿದ್ದು ನೆನಪಾಗುತ್ತೆ. ಸೊಸೆ ಅಂದ್ಕೊಂಡ್ರೆ, ನನಗೆ ಜ್ವರ ಬಂದಾಗ ನನ್ನ ವಾಂತಿ ಬಾಚಿದೋಳು ಅವಳು. ಯಾರು ಅಂತ ಗೊತ್ತಾಗೋದೇ ಬೇಡ ನನಗೆ. ಗೊತ್ತಿಲ್ದೆ ಇದ್ರೆ ಇಬ್ರೂ ನನ್ನೋರು."

"ಅದಕ್ಕೆ ಜೈಲಾ?"

"ಈ ಸಣ್ಣಬೀರಪ್ಪ ಕೊಡೋ ನೀರನ್ನ ಕಣ್ಮುಚ್ಚಿ ಕುಡೀತೀನಿ ನೋಡು. ಎಷ್ಟು ದಿನ ಆಗಿತ್ತು ಹಂಗೆ ಕುಡಿದು!"

ಪುಟ ಬರೆದವನೇ ವಿಷ ಬೆರೆಸಿದವನು ಎಂದು ಪಂಕಜಾಕ್ಷಿ ಎಷ್ಟು ಸಲೀಸಾಗಿ ಹೇಳಿಬಿಟ್ಟಿದ್ದಳು! ಆ ಒಂದು ಮಾತಿನಿಂದಲೇ ಮಗ, ಸೊಸೆ ಇಬ್ಬರೂ ತೊಳೆದ ಮುತ್ತಾದರು. ಆ ಒಂದು ಮಾತಿನಿಂದಲೇ ಮುದುಕರು ಇನ್ನು ಅರ್ಧ ಗಂಟೆಯಲ್ಲಿ ಅಜ್ಜಂಪುರದ ಬಸ್ಸು ಹತ್ತಬೇಕು, ಆ ಮನೆಯ ಊಟಕ್ಕೆ ಕೂರಬೇಕು.

"ಸಾಹೇಬರಿಗೆ ನಿಜ ಹೇಳ್ತೀನಿ. ಇಬ್ಬರನ್ನೂ ಕೂರಿಸಿ ಕೇಳ್ತಾರೆ."

"ಬೇಡ!" ಸರಳಿನಿಂದ ಹೊರಬಂದ ಕೈ ಅವಳ ಮಣಿಕಟ್ಟನ್ನು ಹಿಡಿಯಿತು. "ನಿನ್ನ ಜೀವ ಉಳಿಸಿದ್ದಕ್ಕೆ ನಾನು ಇವತ್ತಿನವರೆಗೆ ಏನೂ ಕೇಳಿಲ್ಲ. ಇದೊಂದು ಕೇಳ್ತೀನಿ. ಅವರಿಬ್ಬರ ಹೆಸರು ಎತ್ತಬೇಡ."

ಬೀಗದ ಕೈಗಳ ಗೊಂಚಲು ಸದ್ದು ಮಾಡುತ್ತ ಬಂತು. ಮುದ್ದಪ್ಪ ಮುಂದೆ, ಅವರ ಹಿಂದೆ ಚನ್ನಬಸಪ್ಪ, ಅವನ ಹಿಂದೆ ಮಲ್ಲಿಕಾಂಬ.

"ಅಪ್ಪಯ್ಯ, ನಡೀರಿ" ಎಂದ ಮಗ.

"ಮಾವಯ್ಯ, ಸೊರಗಿಹೋಗಿದೀರಿ. ಮನೇಲಿ ಬಿಸಿ ಅನ್ನ ಮಾಡ್ತೀನಿ" ಎಂದಳು ಸೊಸೆ.

ಇಬ್ಬರ ದನಿಯಲ್ಲೂ ಅಕ್ಕರೆಯಿತ್ತು. ಒಂದೇ ತೂಕದ ಅಕ್ಕರೆ. ಅದನ್ನು ಅಳೆಯುವ ಕಡ್ಡಿಯನ್ನು ಯಾವ ಕಾರ್ಖಾನೆಯೂ ಮಾಡಿರಲಿಲ್ಲ.

ಮುದ್ದಪ್ಪ ಬೀಗಕ್ಕೆ ಕೈ ಹಾಕಿದರು.

"ತೆಗೀಬೇಡಿ ಸಾರ್" ಎಂದಳು ಪಂಕಜಾಕ್ಷಿ.

"ಏನು?"

"ನಾನು ಹೇಳಿದ್ದು ತಪ್ಪು. ಆ ಪುಟ ಬರೆದಿದ್ದು ಹೊರಗಿನವರಲ್ಲ. ಪಂಡಿತರೇ."

ಮುದ್ದಪ್ಪನವರ ಮುಖ ಕೆಂಪಾಯಿತು. "ಏನ್ರೀ ಟೀಚರಮ್ಮ, ಚೌಕಾಬಾರ ಆಡ್ತಿದೀರಾ ನನ್ನ ಹತ್ರ? ಬೆಳಗಿಂದ ಜಾಡಿ, ಕಡ್ಡಿ, ಸೌಟು, ಸುಡುಗಾಡು! ಈಗಷ್ಟೇ ಬಿಡುಗಡೆ ಕಾಗದಕ್ಕೆ ರುಜು ಹಾಕ್ದೆ. ಬರೆದೋನೇ ಬೆರೆಸಿದೋನು ಅಂತ ಅಂದೋರು ಯಾರು? ನೀವೇ ತಾನೆ?"

"ನಾನೇ."

"ಹಂಗಾದ್ರೆ?"

ನಿಜ ಹೇಳಿದರೆ ಪಂಡಿತರು ಬೇಡವೆಂದ ಇಬ್ಬರ ಹೆಸರು ಎತ್ತಬೇಕಿತ್ತು, ಅವಳು ಹೇಳದೆ ಉಳಿದದ್ದೇ ದೊಡ್ಡ ಸುಳ್ಳಾಯಿತು.

"ಹೌದು ಸ್ವಾಮಿ" ಎಂದರು ಒಳಗಿನಿಂದ ತೀರ್ಥಪ್ಪನವರು. ದನಿ ನಡುಗಲಿಲ್ಲ. "ಬರೆದಿದ್ದು ನಾನೇ. ಬೆರೆಸಿದ್ದೂ ನಾನೇ ಅಂತ ಬರ್ಕೊಳ್ಳಿ."

ಮುದ್ದಪ್ಪ ಕೈಯಲ್ಲಿದ್ದ ಕಾಗದವನ್ನು ಎರಡು ಸೀಳು ಮಾಡಿದರು. ಗೊಂಚಲನ್ನು ಸಣ್ಣಬೀರಪ್ಪನ ಕಡೆ ಎಸೆದರು. ಅದು ನೆಲಕ್ಕೆ ಬಿದ್ದು ಝಲ್ಲೆಂದಿತು.

ಆ ಸದ್ದಿನ ಮರೆಯಲ್ಲಿ, ಪಂಕಜಾಕ್ಷಿಯ ಬೆನ್ನ ಹಿಂದೆ, ಯಾರೋ ಉಸಿರಿನಷ್ಟು ಮೆತ್ತಗೆ ಒಂದು ಮಾತು ಆಡಿದರು.

"ಸದ್ಯ."

ಗಂಡಿನದೋ ಹೆಣ್ಣಿನದೋ ತಿಳಿಯದಷ್ಟು ಮೆತ್ತಗೆ. ಅವಳು ಗಕ್ಕನೆ ತಿರುಗಿದಳು. ಚನ್ನಬಸಪ್ಪ ನೆಲ ನೋಡುತ್ತಿದ್ದ. ಮಲ್ಲಿಕಾಂಬ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಬೆನ್ನು ತಿರುಗಿಸಿ ನಿಂತದ್ದು ಅವಳು ಮಾತ್ರ. ಸರಳಿನಾಚೆ ನಿಂತ ಮುದುಕರು ಅವರಿಬ್ಬರಿಗೂ ಎದುರಾಗಿ ನಿಂತಿದ್ದರು.

ಪಂಕಜಾಕ್ಷಿ ಅವರ ಮುಖ ನೋಡಿದಳು. ತುಟಿ ಅರ್ಧ ತೆರೆದಿತ್ತು. ಯಾವುದನ್ನು ತಿಳಿಯದಿರಲೆಂದು ಅವರು ಜೈಲನ್ನು ಬೇಡಿದ್ದರೋ, ಅದು ಆ ಕಣ್ಣುಗಳಿಗೆ ತಿಳಿದುಹೋಗಿತ್ತು.

"ಯಾರು?" ಎಂದಳು, ಬರೀ ತುಟಿಯಲ್ಲಿ.

ತೀರ್ಥಪ್ಪನವರು ಗೋಡೆಯ ಕಡೆ ತಿರುಗಿ ಕೂತರು.